ಸೇತುವೆಯ ಫಲಕ

ಜರ್ಮನಿಯ ಆ ಮರದ ಸೇತುವೆಯ ಕೆಳಗೆ, ಆಳದಲ್ಲಿ, ಹೊಳೆ ಭೋರ್ಗರೆಯುತ್ತಿತ್ತು.

"ಫಲಕದಲ್ಲಿ ಏನು ಬರ್ದಿದೆ ರೀ?" ಪ್ರಫುಲ್ಲಾ ಹೆದರುತ್ತ ಕೇಳಿದಳು.

"ತೊಲೆಗಳು 'ಮೊಡೆರ್ನ್' ಅಂತೆ. ಮಾಡರ್ನ್ ಕಣೇ, ಧೈರ್ಯವಾಗಿ ಹೋಗು," ಎಂದ ಆಗಷ್ಟೇ ಜರ್ಮನ್ ಕಲಿಯುತ್ತಿದ್ದ ಗಂಡ ಶ್ರೀಕರ.

ಅವಳು ಸೇತುವೆಯ ನಡುವೆ ತಲುಪಿದಾಗ ಆಚೆ ದಡದಿಂದ ಮುದುಕಿಯೊಬ್ಬಳು ಕೈಬೀಸಿ ಕೂಗಿದಳು: "ಮೋಡರ್ನ್! ಮೋಡರ್ನ್!"

"ನೋಡಿ, ಅವರೂ ಅದನ್ನೇ ಹೇಳ್ತಿದಾರೆ!" ಪ್ರಫುಲ್ಲಾ ನಕ್ಕಳು.

ಮುದುಕಿ ಮೊದಲ ಅಕ್ಷರವನ್ನು ಒತ್ತಿ ಎಳೆಯುತ್ತಿದ್ದಳು. ಶ್ರೀಕರ ಫಲಕವನ್ನು ಮತ್ತೊಮ್ಮೆ ಓದಿ ಬೆಚ್ಚಿದ. ಆದರೂ ನಗುತ್ತ ಮೊಬೈಲ್ ಎತ್ತಿ ಹಿಡಿದ.

"ಮೆಲ್ಲಗೆ ವಾಪಸ್ ನಡ್ಕೊಂಡು ಬಾ. ವಿಡಿಯೋ ಮಾಡ್ತೀನಿ."

ಅವಳು ನಗುತ್ತಲೇ ಬಂದಳು. ದಡ ಮುಟ್ಟಿದೊಡನೆ ಅವನು ಅವಳನ್ನು ಬಾಚಿ ತಬ್ಬಿಕೊಂಡ.

"ಎಲ್ಲಿ, ವಿಡಿಯೋ ತೋರ್ಸಿ."

"ಮಾಡ್ಲಿಲ್ಲ. ಅದೇ ಅಕ್ಷರಗಳಲ್ಲಿ ಬರೆದು, ಮೊದಲನೇದನ್ನ ಎಳೆದು ಹೇಳೋ ಇನ್ನೊಂದು ಪದ ಇದೆ, ಪ್ರಫುಲ್ಲಾ. ತೊಲೆಗಳು ಕೊಳೀತಿವೆ ಅಂತ ಬರ್ದಿದಾರೆ."