ಜಾರಿದ ಹಲಗೆ

ಬೈಕು ಅರ್ಧ ಹತ್ತಿದಾಗ, ಲಾರಿಗೆ ಆನಿಸಿದ್ದ ಹಲಗೆಯ ತುದಿ ಒಂದು ಬೆರಳಷ್ಟು ಜಾರಿತು. ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಭಾವ ಬ್ರೇಕು ಅದುಮಿ ನಿಂತ. ಹಿಂದಿನಿಂದ ನೂಕುತ್ತಿದ್ದ ಬಾಮೈದನ ಎದೆಗೆ ಇನ್ನೂರು ಕಿಲೋ ಭಾರ ಬಂದು ಒತ್ತಿತು.

"ಹಲಗೆಗೆ ಹಗ್ಗ ಕಟ್ಟಿ ಅಂತ ಬಡ್ಕೊಂಡೆ," ಎಂದಳು ಭಾವನ ಹೆಂಡತಿ. ಇಷ್ಟು ವರ್ಷ ಹಗ್ಗ ಕೇಳದ ಹಲಗೆ ಇವತ್ತು ಕೇಳುತ್ತಾ ಎಂದು ಆಗ ಭಾವ ನಕ್ಕಿದ್ದ.

ತುದಿ ಇನ್ನೊಂದು ಬೆರಳು ಜಾರಿತು.

"ಪಕ್ಕಕ್ಕೆ ಸರಿಯೋ!" ಎಂದು ಭಾವ ಕೂಗಿದ.

"ನಾನು ಬಿಟ್ಟು ಬೈಕ್ ಬಿದ್ರೆ ಜನ್ಮವಿಡೀ ಬೈತೀರ, ಭಾವ."

ಮಾತು ಸುಳ್ಳಲ್ಲ. ಹೆಂಡತಿಯನ್ನು ಕೂರಿಸುವ ಮೊದಲೂ ಸೀಟಿಗೆ ಬಟ್ಟೆ ಹಾಸುತ್ತಿದ್ದವನು ಭಾವ. ಭಾರಕ್ಕೆ ಮಡಚಿಕೊಳ್ಳುತ್ತಿದ್ದ ಬಾಮೈದನ ಮೊಣಕೈಗಳನ್ನು ನೋಡಿದ. ಬ್ರೇಕು ಬಿಡದೆ, ಮೈಯೆಲ್ಲ ಕೊಟ್ಟು ನೂಕಿ, ಬೈಕನ್ನು ಆಚೆ ಬದಿಯ ಕಾಂಕ್ರೀಟಿನ ಮೇಲೆ ತಾನೇ ಕೆಡವಿದ.