ಬೆರಳಿಗೆ ಸಿಗುವ ಗುರುತು

ಪರೀಕ್ಷಕರ ಹೆಬ್ಬೆರಳು ಅವಳ ಗಾಳದ ದಾರದ ಮೇಲೆ ಜಾರುತ್ತ ಬಂದು ಒಂದೆಡೆ ತಡೆದು ನಿಂತಿತು. ಅಲ್ಲಿ ರೇಷ್ಮೆ ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು. "ಇದನ್ನ ತೆಗೀಬೇಕಲ್ಲಮ್ಮ. ಗಾಳ ಬೀಸೋದನ್ನ ಕಲಿಸೋರ ಪರೀಕ್ಷೇಲಿ ಎಷ್ಟು ದಾರ ಬಿಟ್ಟಿದ್ದೀವಿ ಅನ್ನೋ ಅಳತೆ ಗುರುತು ಕಣ್ಣಿಗೆ ಕಾಣಬಹುದು, ಬೆರಳಿಗೆ ಸಿಗಬಾರದು."

"ಅಪ್ಪ ಸುತ್ತಿದ್ದು ಸಾರ್, ಕೊನೇಗಾಲದಲ್ಲಿ ಕಣ್ಣು ಹೋದ್ಮೇಲೆ. ನನಗೂ ಕಣ್ಣು ಮುಚ್ಚಿಸಿಯೇ ಕಲಿಸಿದ್ರು. ಕಣ್ಣಿದ್ದೋರು ನೀರು ನೋಡ್ತಾ ಕೂತಿರ್ತಾರೆ, ಮೀನು ನಮ್ಮಂಥೋರಿಗೇ ಸಿಗೋದು ಅಂತ ನಗೋರು."

ಪರೀಕ್ಷಕರು ನಗಲಿಲ್ಲ. ಪುಟ್ಟ ಕತ್ತರಿ ತೆಗೆದು, "ನಾನು ಕತ್ತರಿಸಲಾ?" ಎಂದರು.

"ಬೇಡ ಸಾರ್, ನಾನೇ."

ದಾರಕ್ಕೆ ತಾಗದಂತೆ ನೂಲನ್ನು ಕತ್ತರಿಸಿ ಒಂದೊಂದೇ ಸುತ್ತು ಬಿಡಿಸಿದಳು. ಬಿಸಿಲಿಗೆ ಬಿಳಿಚಿಕೊಂಡಿದ್ದ ದಾರದಲ್ಲಿ ನೂಲಿನಡಿಯ ಬೆರಳಗಲ ಜಾಗ ಮಾತ್ರ ಅಂಗಡಿಯಿಂದ ತಂದ ದಿನದ ಹಸಿರನ್ನೇ ಉಳಿಸಿಕೊಂಡಿತ್ತು. ಪರೀಕ್ಷಕರು ಬಗ್ಗಿ ನೋಡಿದರು. "ಗುರುತು ಉಳಿದೇ ಇದೆಯಲ್ಲಮ್ಮ. ಇದಕ್ಕೇನೂ ಅಡ್ಡಿಯಿಲ್ಲ."

ಅವಳು ತಲೆಯಾಡಿಸಿ ಪರೀಕ್ಷೆ ನಡೆಯುವ ಹುಲ್ಲಿನ ಮೇಲೆ ಹೋಗಿ ನಿಂತಳು. ಬೀಸುವ ಮೊದಲು ರೂಢಿಯಂತೆ ಕಣ್ಣು ಮುಚ್ಚಿ, ದಾರವನ್ನು ಬೆರಳುಗಳ ನಡುವೆ ಹರಿಯಬಿಟ್ಟಳು. ಅದು ನುಣ್ಣಗೆ ಜಾರುತ್ತ ಹೋಗಿ, ಸುರುಳಿಯಲ್ಲಿದ್ದದ್ದೆಲ್ಲ ಮುಗಿಯಿತು. ಅಪ್ಪ ಎಲ್ಲೂ ಸಿಗಲಿಲ್ಲ.