ಮಾರಾಟಕ್ಕಿಲ್ಲದ ಜೀಪು

ಗುರುಪಾದಪ್ಪ ಜೀಪಿನ ಕೆಳಗೆ ಅಂಗಾತ ಮಲಗಿ ಕೈಯಾಡಿಸುತ್ತಿದ್ದ. ಅವನ ಕೊಡಲಿ ಚಕ್ರಕ್ಕೆ ಒರಗಿ ನಿಂತಿತ್ತು. ಜೀಪು ಕೊಳ್ಳಲು ಬಂದವನಿಗೆ ಕೊಡಲಿ ಯಾಕೆ ಎಂದು ಗ್ಯಾರೇಜಿನ ಪದ್ಮಾಕರ ಕೇಳಲಿಲ್ಲ.

ಕೇಳುವ ಅಗತ್ಯವೂ ಇರಲಿಲ್ಲ. ಖಾನಾಪುರದಿಂದ ಬೆಳಗಾವಿಯ ಆಟೋ ನಗರದ ತನಕ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಹೋದ ದಸರೆಯ ಹೊತ್ತಿಗೆ, ಬೀಡಿ ಊರಿನ ರಸ್ತೆಯಲ್ಲಿ, ಗುರುಪಾದಪ್ಪನ ತಂಗಿ ಸಂಗವ್ವನ ಗಂಡ ಸಾತಪ್ಪನನ್ನು ಯಾವುದೋ ಜೀಪು ಕೆಡವಿ, ಎದೆಯ ಮೇಲೆ ಹಾದು ಹೋಗಿತ್ತು. ಪಕ್ಕೆಲುಬು ಅಂಗಿ ಹರಿದು ಹೊರಬಂದಿದ್ದವು. ಕೊರಳಿನ ಲಿಂಗ, ಅದರ ಬೆಳ್ಳಿ ಕರಡಿಗೆ ಸಮೇತ, ಸಿಗಲೇ ಇಲ್ಲ. ಸ್ವಾಮಿಗಳು ಬೇರೆ ಲಿಂಗ ತಂದು ಹೆಣದ ಅಂಗೈಯಲ್ಲಿಟ್ಟು ಮಣ್ಣು ಮಾಡಿಸಿದರು. ಆ ಕುಣಿಯ ಮುಂದೆಯೇ ಗುರುಪಾದಪ್ಪ ಆಣೆ ಮಾಡಿದ. ಕರಡಿಗೆ ಯಾವ ಜೀಪಿನಲ್ಲಿ ಸಿಗುತ್ತದೋ, ಅದನ್ನು ಓಡಿಸಿದವರ ತಲೆಯನ್ನು ಅಲ್ಲೇ ಇಳಿಸುತ್ತೇನೆ ಎಂದ.

ಅಂದಿನಿಂದ ಹಳೆಯ ಜೀಪು ನೋಡುವುದೇ ಅವನ ಉದ್ಯೋಗ. ತಂಗಿ ಒಂದು ಸಲವೂ ತಪ್ಪದೆ ಜೊತೆಗೆ ಬರುತ್ತಿದ್ದಳು. ಗಂಡನ ಮೇಲೆ ಎಂಥ ಜೀವ ಎಂದು ಊರು ಕಣ್ಣೊರೆಸಿಕೊಂಡಿತು. ಸಾತಪ್ಪ ಅವಳ ಎಡ ಮುಂಗೈ ಮುರಿದಾಗ ಇದೇ ಊರು ಕಣ್ಣು ಮುಚ್ಚಿಕೊಂಡಿತ್ತು. ಆ ಕೈ ಹಿಡಿದುಕೊಂಡು ಪಾರಿಶ್ವಾಡದ ತವರಿಗೆ ಬಂದವಳನ್ನು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ತಿರುಗಿ ಕಳಿಸಿದವನು ಈ ಅಣ್ಣನೇ. ತಂಗಿಯೆಂದರೆ ಅವನಿಗೆ ಪ್ರಾಣ. ಸೈಕಲ್ಲು, ಟ್ರ್ಯಾಕ್ಟರು ಎಲ್ಲ ಕಲಿಸಿದ್ದ. ಕಷ್ಟ ಕೇಳುವುದೊಂದನ್ನು ತಾನು ಕಲಿತಿರಲಿಲ್ಲ.

ಈ ಜೀಪು ಗ್ಯಾರೇಜಿನ ಹಿಂದೆ ತಾಡಪತ್ರಿ ಹೊದ್ದು ನಿಂತಿತ್ತು. ಇದು ಮಾರಾಟಕ್ಕಿಲ್ಲ, ಗುಜರಿಗೆ ಹಾಕುವುದು ಎಂದು ಪದ್ಮಾಕರ ಹೇಳಿದ್ದೇ ತಪ್ಪಾಯಿತು. ಗುರುಪಾದಪ್ಪ ತಾಡಪತ್ರಿ ಎಳೆದೇಬಿಟ್ಟ. ಪದ್ಮಾಕರ ನೀರು ತಂದುಕೊಟ್ಟ. ಅಣ್ಣನಿಗೆ ತುಂಬಿದ ತಂಬಿಗೆ, ತಂಗಿಯ ಬಲಗೈಗೆ ಅರ್ಧ ಲೋಟ. ನೀರಿಗೂ ಜಿಪುಣತನವೇ ಎಂದುಕೊಂಡ ಗುರುಪಾದಪ್ಪ.

“ಇದು ಬ್ಯಾಡಣ್ಣಾ,” ಎಂದಳು ಸಂಗವ್ವ. “ಲಕ್ಷ ಮೈಲಿ ಓಡೇತಿ. ಇದನ್ನ ತಗೊಂಡ್ರ ಮನಿ ಹಾಳಾಗ್ತದ.”

ಅವನು ಕೇಳಲಿಲ್ಲ. ಕೀಲಿ ತಿರುಗಿಸಿ ಸ್ಟಾರ್ಟರ್ ತುಳಿದ. ಹಾರನ್ನು ಕೂಗಿತು, ಎಂಜಿನ್ನು ಏಳಲಿಲ್ಲ. ಕಳ್ಳರ ಕಾಟಕ್ಕೆ ಇಲ್ಲಿನವರು ಗಾಡಿಗೊಂದು ಕಳ್ಳ ಸ್ವಿಚ್ಚು ಇಡುತ್ತಾರೆ; ಅದನ್ನು ಒತ್ತದೆ ಎಂಜಿನ್ನು ಏಳುವುದಿಲ್ಲ. ಎಲ್ಲಿದೆ ಎನ್ನುವುದು ಓಡಿಸುವವರಿಗಷ್ಟೇ ಗೊತ್ತು. ಗುರುಪಾದಪ್ಪ ಎಲ್ಲೆಡೆ ತಡಕಿದ, ಸಿಗಲಿಲ್ಲ. ಆಮೇಲೆಯೇ ಅವನು ಕೆಳಗೆ ನುಗ್ಗಿದ್ದು.

ಈಗ ಅವನ ಕೈ ಮುಂದಿನ ಚಕ್ರದ ಹಿಂದೆ, ಉಕ್ಕಿನ ಪಟ್ಟಿಗಳ ಸಂದಿಯಲ್ಲಿ ನಿಂತಿತು. ಒಣಗಿದ ಕೆಸರು ಕಿತ್ತ. ಚಪ್ಪಟೆಯಾದ ಬೆಳ್ಳಿ ಕರಡಿಗೆ ಹೊರಬಂತು, ಹರಿದ ಶಿವದಾರದ ಸಮೇತ.

ಎದ್ದವನೇ ಕೊಡಲಿಯ ಕಾವಿನಿಂದ ಪದ್ಮಾಕರನ ಬಾಯಿಗೆ ಹೊಡೆದ. ಹಲ್ಲು ಎಣ್ಣೆಯ ನೆಲಕ್ಕೆ ಉದುರಿದವು.

“ಯಾರು ಓಡಿಸಿದ್ದು?”

“ನಾನ ರೀ.” ಪದ್ಮಾಕರ ರಕ್ತ ಉಗುಳಿದ. “ನಾನ ಹೊಡದೀನಿ. ಅಕ್ಕಾರನ್ನ ಮದ್ಲ ಮನಿಗೆ ಕಳಸ್ರಿ.”

“ಇರುವಿ ತುಳಿಯಾಕ ಹೆದರೂ ಜೈನ ಮಂದಿ ನೀವು. ಮನಷಾನ್ನ ಹೆಂಗ ತುಳದಿಯೋ?”

ಎರಡನೆಯ ಪೆಟ್ಟಿಗೆ ಪದ್ಮಾಕರನ ಮೊಣಕಾಲ ಚಿಪ್ಪು ಒಡೆಯಿತು. ಮೂರನೆಯದಕ್ಕೆ ತೋಳಿನ ಎಲುಬು ಚರ್ಮ ಸೀಳಿ ಇಣುಕಿತು. ಅಡ್ಡ ಬಂದ ಸಂಗವ್ವನನ್ನು ಗುರುಪಾದಪ್ಪ ಒಂದೇ ಕೈಯಲ್ಲಿ ಜೀಪಿನತ್ತ ತಳ್ಳಿದ. ಬಿದ್ದವನ ಬೆನ್ನಿನ ಮೇಲೆ ಮಂಡಿಯೂರಿ, ಕೂದಲು ಹಿಡಿದು, ಕೊಡಲಿಯ ಬಾಯಿಯನ್ನು ಕುತ್ತಿಗೆಯ ಕಡೆಗೆ ತಿರುಗಿಸಿ ಎತ್ತಿದ. ಪದ್ಮಾಕರ ಬೇಡಿಕೊಳ್ಳಲಿಲ್ಲ. ಸಂಗವ್ವನ ಕಡೆ ನೋಡಿ, ಬೇಡ ಎನ್ನುವಂತೆ ತಲೆಯಲ್ಲಾಡಿಸಿದ.

“ಅಣ್ಣಾ, ಇಲ್ಲಿ ನೋಡು,” ಎಂದಳು ಅವಳು.

ಗುರುಪಾದಪ್ಪ ಎತ್ತಿದ ಕೊಡಲಿಯ ಸಮೇತ ತಿರುಗಿದ. ಸಂಗವ್ವ ಜೀಪು ಹತ್ತಿ ಕೂತಿದ್ದಳು. ಕಣ್ಣನ್ನು ಅಣ್ಣನ ಮೇಲೆಯೇ ಇಟ್ಟು, ಸೀಟಿನ ಅಡಿಗೆ ಬಲಗೈ ಇಳಿಸಿ ಏನನ್ನೋ ಒತ್ತಿ ಸ್ಟಾರ್ಟರ್ ತುಳಿದಳು, ಮತ್ತು ಎಂಜಿನ್ನು ಒಂದೇ ಸಲಕ್ಕೆ ಎದ್ದಿತು.